ಬಂದೂಕಿಲ್ಲದ ಮನೆ

ಅಕ್ಟೋಬರ್ 14, ಮಂಗಳವಾರ

ಪೊಲೀಸ್ ಇಲಾಖೆಯ ಆಪ್ತ ಸಲಹೆಗಾರ್ತಿ ಬರೆಯಲು ಹೇಳಿದ್ದಾಳೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ, ಅವಳಿಗೂ. ಸರಿ.

ಕಳೆದ ಗುರುವಾರ ಬೆಳಿಗ್ಗೆ ನೀಲ್ ಸತ್ತ.

ನೀಲ್ ವಿಟ್ಕೆ ಮತ್ತು ನಾನು ವರ್ಷಗಟ್ಟಲೆ ಒಂದೇ ಗಸ್ತು ಕಾರಿನಲ್ಲಿ ಕೂತವರು. ಅವನು ಓಡಿಸುತ್ತಾ ಹಾಡುತ್ತಿದ್ದ, ನಾನು ಬೈಯುತ್ತಿದ್ದೆ. ಅವತ್ತೂ ಪೆಟ್ರೋಲ್ ಬಂಕಿನಲ್ಲಿ ಕರಿದ ಚೀಸ್ ಕೊಂಡು, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ಬೆಳಿಗ್ಗೆ ಬೆಳಿಗ್ಗೆ ಇದನ್ನ ತಿಂತೀಯಲ್ಲೋ. ಒಂದಿನ ಎದೆ ಹಿಡ್ಕೊಂಡು ಬೀಳ್ತೀಯ ನೋಡು,” ಅಂದೆ.

“ಬಿದ್ರೆ ಟ್ರೂಡಿಗೆ ಪಿಂಚಣಿ ಬರುತ್ತೆ. ನಿಂಗ್ಯಾಕೆ ಹೊಟ್ಟೆಕಿಚ್ಚು?” ಅಂದ.

ಆಗ ಕರೆ ಬಂತು. ಮಿಲ್ ರಸ್ತೆಯ ಕೊನೆಯ ಮನೆಯಲ್ಲಿ ಮಗ ಸಾಮಾನು ಒಡೆದುಹಾಕುತ್ತಿದ್ದಾನೆ, ತಾಯಿ ಹೆದರಿ ಹೊರಗೆ ನಿಂತಿದ್ದಾಳೆ ಎಂದು. ನಾವು ಹೋದಾಗ ಪ್ಯಾಟ್ ಸ್ಟ್ರಾಸ್ ಎಂಬ ಆ ಹೆಂಗಸು ರಾತ್ರಿಯ ನಿಲುವಂಗಿಯ ಮೇಲೆ ಗಂಡಸರ ಕೋಟು ಹಾಕಿಕೊಂಡು ಮಂಜು ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ನೀಲ್ ಮನೆ ಕಡೆ ನೋಡುವ ಮೊದಲು ಅವಳ ಕಾಲು ನೋಡಿದ.

“ಅಮ್ಮಾ, ಮೊದಲು ನಮ್ಮ ಕಾರಲ್ಲಿ ಕೂತ್ಕೊಳ್ಳಿ. ಹೀಟರ್ ಹಾಕಿದೀನಿ,” ಅಂದ.

“ಅವನ ಹತ್ರ ರೈಫಲ್ ಇದೆ. ನಾನು ನಿಮ್ಮ ಠಾಣೆಗೆ ಎರಡು ಸಲ ಬಂದು ಹೇಳಿದ್ದೆ, ತಗೊಂಡು ಹೋಗಿ ಅಂತ…”

ಮಹಡಿಯ ಕಿಟಕಿಯ ಗಾಜು ಒಡೆಯಿತು. ಸದ್ದು ಆಮೇಲೆ ಬಂತು. ಗುಂಡು ನೀಲನ ಕುತ್ತಿಗೆಗೆ ಬಿತ್ತು, ಎದೆಯ ರಕ್ಷಾಕವಚದ ಅಂಚಿಗಿಂತ ಒಂದು ಬೆರಳು ಮೇಲೆ. ಅವನು ಆ ಹೆಂಗಸಿನ ಮೈಮೇಲೇ ಒರಗಿದ, ಅವಳ ಕೋಟಿನ ತುಂಬ ಅವನ ರಕ್ತ. ನಾನು ಅವನ ಭುಜದ ಪಟ್ಟಿ ಹಿಡಿದು ಕಾರಿನ ಹಿಂದಕ್ಕೆ ಎಳೆದೆ. ಗುಂಡುಗಳು ಕಾರಿನ ಬಾಗಿಲನ್ನು ಡಬ್ಬಿ ಕೊರೆದ ಹಾಗೆ ಕೊರೆದವು, ಟೈರು ಉಸ್ಸೆಂದು ಕೂತಿತು, ಗಾಜಿನ ಪುಡಿ ನನ್ನ ಕಣ್ಣಿಗೆ ಬಿತ್ತು. ಕುತ್ತಿಗೆಯ ಗಾಯಕ್ಕೆ ಎರಡೂ ಕೈ ಒತ್ತಿ ಹಿಡಿದಿದ್ದೆ. ಬೆರಳ ಸಂದಿಯಿಂದ ಬಿಸಿಯಾಗಿ ಬರುತ್ತಲೇ ಇತ್ತು. ನೀಲ್ ಏನೋ ಹೇಳಲು ಬಾಯಿ ತೆರೆದ, ಗುಳುಗುಳು ಎಂದಿತು, ಅಷ್ಟೇ.

ಆ ಮಗ, ಕೋಡಿ ಸ್ಟ್ರಾಸ್, ಕೆಳಗಿಳಿದು ಮುಂಬಾಗಿಲಿನಿಂದ ಹೊರಬಂದ. ಹೊಡೆಯುತ್ತಲೇ ಬಂದ. ತಾಯಿ “ಬೇಡ ಕಣೋ, ಬೇಡ” ಎನ್ನುತ್ತಾ ನಮ್ಮಿಬ್ಬರ ನಡುವೆ ಓಡಿದಳು. ಅವಳ ಭುಜದ ಪಕ್ಕದಿಂದ ನಾನು ಹೊಡೆದೆ. ಅವನು ಮಂಡಿಯೂರಿದ, ಮತ್ತೆ ರೈಫಲ್ ಎತ್ತಿದ. ಇನ್ನೂ ಹೊಡೆದೆ. ಅವನು ಮುಖ ಅಡಿಯಾಗಿ ಬಿದ್ದ ಮೇಲೂ ಹೊಡೆದೆನಂತೆ.

ಪ್ಯಾಟ್ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಲ್ಲಿಂದಲೇ ನನ್ನನ್ನು ನೋಡಿದಳು.

“ನಾನು ಹೇಳಿದ್ದೆ,” ಅಂದಳು. ಕೂಗಿ ಹೇಳಲಿಲ್ಲ.

ನಮ್ಮ ಪಾಳಿಯ ಮುಖ್ಯಸ್ಥ ಹರ್ಬ್ ಜಿಮ್ಮರ್ ನನ್ನನ್ನು ಮನೆಗೆ ಬಿಟ್ಟ. ನಿವೃತ್ತಿಗೆ ಹತ್ತಿರದವನು, ನಿಧಾನದ ಮನುಷ್ಯ. ದಾರಿಯಲ್ಲಿ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟ. “ಉಗುರಿನ ಸಂದಿ ನಾಳೆ ತೊಳಿ, ಇವತ್ತು ಬರಲ್ಲ ಅದು,” ಅಂದ. ಪ್ಯಾಟ್ ಠಾಣೆಗೆ ಬಂದು ಹೇಳಿದ್ದು ನಿಜವಾ ಎಂದು ಕೇಳಿದೆ. ನಿಜವಂತೆ. ಅಪರಾಧ ಮಾಡುವವರೆಗೆ ಅವನ ಬಂದೂಕು ಮುಟ್ಟಲು ಈ ರಾಜ್ಯದಲ್ಲಿ ಕಾನೂನಿಲ್ಲ, ಬರೆದುಕೊಂಡು ಕಳಿಸಿದರಂತೆ.

ಅಕ್ಟೋಬರ್ 17, ಶುಕ್ರವಾರ

ನೀಲನನ್ನು ಮಣ್ಣು ಮಾಡಿದೆವು. ಅವನ ಹೆಂಡತಿ ಟ್ರೂಡಿ ಅಳಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಬನ್ನು, ಆಲೂಗಡ್ಡೆ ಸಲಾಡ್. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ತಿಂದೆ, ಅಲ್ಲಿಂದ ಎರಡೂ ಬಾಗಿಲು ಕಾಣುತ್ತಿದ್ದವು.

ಅಕ್ಟೋಬರ್ 27, ಸೋಮವಾರ

ಕೋಡಿಯ ಗೆಳೆಯರು ಯಾರೋ ಅಂತರ್ಜಾಲದಲ್ಲಿ ನನ್ನ ಫೋಟೋ ಹಾಕಿದ್ದಾರೆ. ಕೆಳಗೆ ನಮ್ಮ ಮನೆಯ ವಿಳಾಸ, ಮಗಳು ಬ್ರಿನ್‌ಳ ಶಾಲೆಯ ಹೆಸರು. “ಇವಳ ಸರದಿ ಯಾವಾಗ?” ಎಂದು ಒಬ್ಬ ಬರೆದಿದ್ದಾನೆ. ತನಿಖೆ ಮುಗಿಯುವ ತನಕ ನಾನು ರಜೆಯಲ್ಲಿದ್ದೇನೆ. ಹರ್ಬ್ ನಮ್ಮ ಬೀದಿಗೆ ಒಂದು ಗಸ್ತು ಕಾರು ಹಾಕಿಸಿದ. ಅದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತದೆ. ಉಳಿದ ಹೊತ್ತು?

ಅಡುಗೆಮನೆಯ ಚಾಕುಗಳ ಡ್ರಾಯರಿನಲ್ಲಿ ಒಂದು ಪಿಸ್ತೂಲು ಇಟ್ಟೆ. ರಸ್‌ಗೆ ಅದು ಬ್ರೆಡ್ ಕತ್ತರಿಸಲು ಹೋದಾಗ ಸಿಕ್ಕಿತು.

“ಕೊರಿನ್, ಇದರ ಜಾಗ ಕಪಾಟು,” ಅಂದ.

“ಕಪಾಟಿನ ಬೀಗ ತೆಗೆಯೋ ತನಕ ಬಂದೋನು ಕಾಯ್ತಾನಾ?”

ಅವನು ಬ್ರೆಡ್ಡನ್ನು ಕೈಯಲ್ಲೇ ಹರಿದು ತಿಂದ. ನನ್ನ ಗಂಡ ಶಾಲಾ ಬಸ್ಸುಗಳನ್ನು ರಿಪೇರಿ ಮಾಡುವವನು. ಜಗಳಕ್ಕೆ ಅವನಲ್ಲಿ ಪೆಟ್ರೋಲ್ ಇಲ್ಲ.

ನವೆಂಬರ್ 5, ಬುಧವಾರ

ಟ್ರೂಡಿ ಬಂದಿದ್ದಳು. ಬರುವ ಮುಂಚೆ ಫೋನ್ ಮಾಡಬೇಕು ಎಂದು ಹೇಳಿದ್ದೆ. ಮಾಡಿದಳು, ಅದಕ್ಕೇ ಬಾಗಿಲು ತೆಗೆದೆ. ಊರಿನ ಅರ್ಧ ಜನರ ಕೂದಲು ಕತ್ತರಿಸುವವಳು ಅವಳು. ಎಂಥವರ ಮುಂದೆಯೂ ಬಾಯಿ ಕಟ್ಟಿಹಾಕಿಕೊಳ್ಳುವುದಿಲ್ಲ.

“ಪ್ಯಾಟ್ ಸ್ಟ್ರಾಸ್ ನಿನ್ನೆ ನನ್ನ ಅಂಗಡಿಗೆ ಬಂದಿದ್ಳು,” ಅಂದಳು.

“ಯಾಕೆ?”

“ಕ್ಷಮೆ ಕೇಳೋಕೆ. ಬಾಗಿಲಲ್ಲೇ ನಿಂತ್ಕೊಂಡ್ಳು, ಒಳಗೆ ಬರ್ಲಿಲ್ಲ. ಕೈ ಹಿಡಿದು ಕೂರಿಸಿ, ತಲೆ ತೊಳೆದು ಕಳಿಸ್ದೆ. ಇನ್ನೇನು ಮಾಡ್ಲಿ ಹೇಳು.”

ರಾಜ್ಯದ ರಾಜಧಾನಿಯಲ್ಲಿ ಒಂದು ಮಸೂದೆ ಬರುತ್ತಿದೆಯಂತೆ. ಮನೆಯವರೋ ಪೊಲೀಸರೋ ಕೇಳಿಕೊಂಡರೆ, ನ್ಯಾಯಾಧೀಶರು ವಿಚಾರಿಸಿ, ಅಪಾಯ ಎನ್ನಿಸಿದವರ ಬಂದೂಕುಗಳನ್ನು ಸ್ವಲ್ಪ ಕಾಲ ತೆಗೆದಿಡಬಹುದು. ಟ್ರೂಡಿ ಅದನ್ನು ಪರಿಶೀಲಿಸುವ ಶಾಸಕರ ಸಮಿತಿಯ ಮುಂದೆ ಮಾತಾಡುತ್ತಾಳೆ. ನಾನೂ ಬರಬೇಕಂತೆ.

“ನಾನು ಬರೀ ಹೆಂಡ್ತಿ. ನೀನು ಅಲ್ಲಿದ್ದೋಳು. ನಿನ್ನ ಮಾತು ಕೇಳ್ತಾರೆ.”

“ಯೋಚಿಸ್ತೀನಿ.”

ಅವಳು ಟೀಪಾಯಿಯ ಮೇಲಿದ್ದ ಪಿಸ್ತೂಲಿನ ಕಡೆ ನೋಡಿದಳು. “ಅದರಲ್ಲಿ ಗುಂಡಿದೆಯಾ?”

“ಇಲ್ದಿದ್ರೆ ಅದು ಬರೀ ಸುತ್ತಿಗೆ.”

ಈ ಮಾತಿಗೆ ನೀಲ್ ಆಗಿದ್ದರೆ ನಗುತ್ತಿದ್ದ. ಅವಳು ಕಾಫಿ ಮುಗಿಸದೆ ಎದ್ದಳು.

ಪೊಲೀಸ್ ಸಂಘದವರೂ ಫೋನ್ ಮಾಡಿದ್ದರು. ನಾನು ಮಸೂದೆಯ ವಿರುದ್ಧ ಮಾತಾಡಿದರೆ ಒಳ್ಳೆಯದಂತೆ.

ನವೆಂಬರ್ 22, ಶನಿವಾರ

ಜಿಂಕೆ ಬೇಟೆಯ ಮೊದಲ ದಿನ. ಬೆಳಕು ಹರಿಯುತ್ತಲೇ ಸುತ್ತಲ ಕಾಡಿನಲ್ಲೆಲ್ಲ ಢಂ ಢಂ. ನಾನು ಚಿಕ್ಕಂದಿನಿಂದ ಕೇಳಿದ ಸದ್ದು, ಹನ್ನೆರಡನೇ ವಯಸ್ಸಿಗೇ ನಾನು ನನ್ನ ಮೊದಲ ಜಿಂಕೆ ಹೊಡೆದವಳು. ಅಡುಗೆಮನೆಯ ನೆಲ ತಣ್ಣಗಿತ್ತು, ಸ್ವಲ್ಪ ಹೊತ್ತು ಅಲ್ಲೇ ಮಲಗಿದ್ದೆ. ಮಧ್ಯಾಹ್ನ ರಸ್ ಒಂದು ಹೆಣ್ಣು ಜಿಂಕೆ ತಂದು ಗ್ಯಾರೇಜಿನಲ್ಲಿ ನೇತುಹಾಕಿದ. ನಾನು ಇನ್ನೂ ನೆಲದ ಮೇಲಿರುವುದನ್ನು ನೋಡಿ ಏನಾಯಿತು ಎಂದ. ಏನೂ ಇಲ್ಲ, ಬೆನ್ನು ನೋವು ಅಂದೆ.

ಡಿಸೆಂಬರ್ 2, ಮಂಗಳವಾರ

ಇವತ್ತು ಒಬ್ಬನನ್ನು ಹಿಡಿದೆ.

ಗುರುತಿಲ್ಲದ ಬಿಳಿ ವ್ಯಾನು ನಮ್ಮ ಮನೆ ದಾಟಿ ಹೋಗಿ, ಹಿಂದಕ್ಕೆ ಬಂದು ನಿಂತಿತು. ಒಬ್ಬ ಇಳಿದ. ಟೋಪಿ ಕಣ್ಣಿನವರೆಗೆ ಎಳೆದಿದ್ದ, ಎದೆಗೆ ಏನೋ ಅವುಚಿಕೊಂಡಿದ್ದ. ನಾನು ಗ್ಯಾರೇಜಿನ ಕಡೆಯಿಂದ ಸುತ್ತಿ ಬಂದು ಶಾಟ್‌ಗನ್ನನ್ನು ಅವನ ಬೆನ್ನಿಗಿಟ್ಟೆ. ಮಂಡಿಯೂರಿಸಿದೆ. ಕೈ ತಲೆಯ ಮೇಲೆ ಇಡು ಎಂದರೆ ಇಡಲಿಲ್ಲ, ತಿರುಗಲು ನೋಡಿದ. ಹಿಡಿಯಿಂದ ಕಿವಿಯ ಹಿಂದೆ ಒಂದು ಕೊಟ್ಟೆ. ಹಿಮದ ಮೇಲೆ ಮುಖ ಅಡಿಯಾಗಿ ಬಿದ್ದ.

“ಡಬ್ಬಿ ಮೇಡಂ, ಬರೀ ಡಬ್ಬಿ ಕೊಡೋಕೆ ಬಂದಿದ್ದು,” ಎಂದು ಅಳಲು ಶುರು ಮಾಡಿದ.

ಬ್ರಿನ್‌ಗೆ ತರಿಸಿದ್ದ ಹಿಮದ ಬೂಟುಗಳು. ಹೌದು, ಪಾರ್ಸೆಲ್ ಹಂಚುವವನೇ. ಆದರೆ ಸಮವಸ್ತ್ರ ಹಾಕಿರಲಿಲ್ಲ, ವ್ಯಾನಿನ ಮೇಲೆ ಹೆಸರಿರಲಿಲ್ಲ. ನಾನು ಮಾಡಿದ್ದು ಯಾವ ಪೊಲೀಸ್ ಆದರೂ ಮಾಡುವುದೇ. ಬ್ರಿನ್ ಕಿಟಕಿಯಿಂದ ನೋಡುತ್ತಿದ್ದಳು. ಬೂಟುಗಳನ್ನು ಹಾಕಿಕೊಂಡು ನೋಡು ಎಂದರೆ ಮುಟ್ಟಲಿಲ್ಲ. ಹದಿನಾಲ್ಕರ ವಯಸ್ಸು, ಎಲ್ಲದಕ್ಕೂ ಮುಖ ಊದಿಸುತ್ತಾಳೆ.

ಸಂಜೆ ಹರ್ಬ್ ಬಂದ, ಫೋನ್ ಮಾಡಿಯೇ ಬಂದ. ಆ ಮನುಷ್ಯನನ್ನು ಹೇಗೋ ಸಮಾಧಾನ ಮಾಡಿದ್ದಾನಂತೆ, ದೂರು ಕೊಡುವುದಿಲ್ಲವಂತೆ.

“ಸುಸ್ತಾಗಿದೀಯ ನೀನು,” ಅಂದ.

“ಎಚ್ಚರವಾಗಿದೀನಿ.”

“ಅದನ್ನೇ ಹೇಳಿದ್ದು.”

ಡಿಸೆಂಬರ್ 4, ಗುರುವಾರ

ಸಮಿತಿಯ ಮುಂದೆ ಮಾತಾಡಿ ಬಂದೆ. ವಿರುದ್ಧವಾಗಿ.

ಮೊದಲು ಟ್ರೂಡಿಯ ಸರದಿ. ಅವಳು ನೀಲನ ಬಗ್ಗೆ ಹೆಚ್ಚು ಹೇಳಲಿಲ್ಲ. ಪ್ಯಾಟ್ ಸ್ಟ್ರಾಸ್ ಬಗ್ಗೆ ಹೇಳಿದಳು. “ಆ ತಾಯಿ ಪೊಲೀಸರ ಹತ್ತಿರ ಹೋದಳು, ಡಾಕ್ಟರ ಹತ್ತಿರ ಹೋದಳು. ತನ್ನ ಮಗನ ಕೈಯಿಂದ ಒಂದು ಸಾಮಾನು ತೆಗೆದಿಡಿ ಅಂತ ಬೇಡಿದಳು. ತೆಗೆದಿಟ್ಟಿದ್ದರೆ ಇವತ್ತು ನನಗೆ ಗಂಡ ಇರ್ತಿದ್ದ, ಅವಳಿಗೆ ಮಗ ಇರ್ತಿದ್ದ,” ಅಂದಳು.

ಆಮೇಲೆ ನಾನು. ಹೇಳಬೇಕಾದ್ದನ್ನು ಹೇಳಿದೆ. ನೀಲನನ್ನು ಕೊಂದದ್ದು ಕೋಡಿ ಸ್ಟ್ರಾಸ್, ಕಾನೂನಿನ ಕೊರತೆ ಅಲ್ಲ. ಗುಂಡು ಹಾರಿದಾಗ ಸಹಾಯ ಬರಲು ಎಷ್ಟು ಹೊತ್ತಾಗುತ್ತದೆ ಎಂದು ನನಗೆ ಗೊತ್ತು, ಅಷ್ಟು ಹೊತ್ತು ನನ್ನನ್ನು ಉಳಿಸಿದ್ದು ನನ್ನ ಕೈಯಲ್ಲಿದ್ದ ಪಿಸ್ತೂಲು. “ಇವತ್ತು ನನ್ನ ವಿಳಾಸ, ನನ್ನ ಮಗಳ ಶಾಲೆ, ಎಲ್ಲ ಅವರಿಗೆ ಗೊತ್ತು. ನಾಳೆ ಯಾರೋ ಒಬ್ಬರು ಬಂದು ಇವಳ ತಲೆ ಸರಿಯಿಲ್ಲ ಅಂದರೆ, ನನ್ನ ಕೈ ಖಾಲಿ ಮಾಡಿ ಬಿಟ್ಟುಹೋಗ್ತೀರಾ?” ಅಂದೆ. ಹಿಂದಿನ ಸಾಲುಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ನಾನು ಮೇಜಿನ ಕೆಳಗೆ ಅರ್ಧ ಬಗ್ಗಿದ್ದೆ, ಕ್ಯಾಮೆರಾ ಹಿಡಿದಿರಲಾರದು.

ಒಬ್ಬ ಸದಸ್ಯೆ ಕೇಳಿದಳು: “ಹಾಗಾದರೆ ಆ ತಾಯಿಗೆ ನಿಮ್ಮ ಉತ್ತರ ಏನು?”

“ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ,” ಅಂದೆ. ಅದು ನಿಜವೇ.

ಕಾರಿಡಾರಿನಲ್ಲಿ ಟ್ರೂಡಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ.

“ಚಪ್ಪಾಳೆಗೆ ಬಗ್ಗಿದೆಯಲ್ಲ ಕೊರಿನ್.”

“ಪೆನ್ನು ಬಿದ್ದಿತ್ತು.”

“ಎತ್ಕೊಂಡ್ಯಾ?” ಅಂದಳು.

ಡಿಸೆಂಬರ್ 8, ಸೋಮವಾರ

ಇದನ್ನು ನಡೆದ ಹಾಗೇ ಬರೆದಿಡುತ್ತೇನೆ. ರಸ್ ಬೇರೆ ಥರ ಹೇಳಿಕೊಂಡು ತಿರುಗುತ್ತಾನೆ.

ಹಿಮ ಜೋರಾಗಿದ್ದರಿಂದ ಶಾಲೆ ಬೇಗ ಬಿಟ್ಟಿದ್ದಾರೆ. ನನಗೆ ಯಾರೂ ತಿಳಿಸಲಿಲ್ಲ. ಹಿಂಬಾಗಿಲಿಗೆ ನಾನು ದಾರ ಕಟ್ಟಿ ಖಾಲಿ ಡಬ್ಬಿಗಳನ್ನು ನೇತುಹಾಕಿದ್ದೇನೆ, ಯಾರಾದರೂ ತಳ್ಳಿದರೆ ಸದ್ದಾಗಲಿ ಎಂದು. ಬ್ರಿನ್, ನಾನು ಮಲಗಿರಬಹುದು, ಎಬ್ಬಿಸಬಾರದು ಎಂದು, ದಾರದ ಕೆಳಗೆ ನುಸುಳಿ ಸದ್ದಿಲ್ಲದೆ ಬಂದಿದ್ದಾಳೆ. ಬಟ್ಟೆ ಒಗೆಯುವ ಕೋಣೆಯಲ್ಲಿ ನೆರಳು ಕಂಡಿತು. ಹಿಂದಿನಿಂದ ಹೋಗಿ ಕೂದಲು ಹಿಡಿದೆ, ಮುಖವನ್ನು ವಾಷಿಂಗ್ ಮೆಷಿನ್ನಿಗೆ ಒತ್ತಿದೆ, ಪಿಸ್ತೂಲಿನ ಬಾಯಿಯನ್ನು ಕಿವಿಯ ಕೆಳಗಿಟ್ಟೆ. ಸುರಕ್ಷತೆಯ ಕೀಲಿ ತೆಗೆದಿತ್ತು. ಅವಳು “ಅಮ್ಮಾ, ನಾನು, ಅಮ್ಮಾ” ಎಂದು ಹೇಳುತ್ತಲೇ ಇದ್ದಳಂತೆ. ನನಗೆ ಕೇಳಿಸಿದ್ದು ಕೊನೆಯದು ಮಾತ್ರ. ಕೇಳಿಸಿದ ತಕ್ಷಣ ಬಿಟ್ಟೆ.

ತುಟಿ ಸೀಳಿದೆ. ಮುಂದಿನ ಹಲ್ಲಿನ ಮೂಲೆ ಮುರಿದಿದೆ. ಬಿಳಿ ಮೆಷಿನ್ನಿನ ಮೇಲೆ ರಕ್ತ ಇಳಿಯುತ್ತಿತ್ತು, ಒರೆಸಿದೆ. ಮುಂಬಾಗಿಲಿನಿಂದಲೇ ಬಾ, ಹೆಸರು ಕೂಗುತ್ತಾ ಬಾ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೆ. ಕೋಡಿಯ ಕಡೆಯವನೇ ಆಗಿದ್ದರೆ? ಆಗ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು.

ರಸ್ ಬಂದು ಅವಳ ಮುಖ ನೋಡಿದ. ಬಂದೂಕಿನ ಕಪಾಟಿನ ಹತ್ತಿರ ಹೋದ. ನಾನು ಅಡ್ಡ ನಿಂತೆ.

“ಜರುಗು. ಎಲ್ಲಾ ನಮ್ಮಪ್ಪನ ಮನೇಲಿ ಇಟ್ಟು ಬರ್ತೀನಿ. ಸ್ವಲ್ಪ ದಿನ.”

“ನನ್ನ ಸಾಮಾನು ಮುಟ್ಟಬೇಡ.”

“ನಿನ್ನ ಮಗಳು ಕಣೆ ಅವಳು.”

“ಅವಳಿಗೋಸ್ಕರಾನೇ ಇದೆಲ್ಲ.”

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಕೈಯಲ್ಲಿ ಪಿಸ್ತೂಲು ಇನ್ನೂ ಇತ್ತು, ನೆಲದ ಕಡೆಗೇ ಇತ್ತು, ಬಹುತೇಕ. ರಸ್ ಹೆಜ್ಜೆ ಹಿಂದೆ ಇಟ್ಟ. ಬ್ರಿನ್‌ಳ ಕೋಟು ತೆಗೆದುಕೊಂಡ. ಅವಳ ಹೊಸ ಬೂಟು ಮರೆತು ಹೋದರು.

ಡಿಸೆಂಬರ್ 9, ಮಂಗಳವಾರ

ಒಬ್ಬಳೇ ಇರುವುದು ಕಾವಲಿಗೆ ಸುಲಭ. ಒಳಗೆ ಸದ್ದಾದರೆ ಅದು ನನ್ನದು. ಉಳಿದದ್ದೆಲ್ಲ ಅವರದು.

ಡಿಸೆಂಬರ್ 10, ಬುಧವಾರ

ಫೋನ್ ತುಂಬ ಬಡಿದುಕೊಳ್ಳುತ್ತಿತ್ತು. ಆರಿಸಿಟ್ಟೆ.

ಡಿಸೆಂಬರ್ 16, ಮಂಗಳವಾರ. ಜಿಲ್ಲಾ ಜೈಲು

ಇಲ್ಲಿ ಕೊಡುವ ಪೆನ್ನು ರಬ್ಬರಿನ ಹಾಗೆ ಬಾಗುತ್ತದೆ, ಚುಚ್ಚಲು ಬಾರದ ಹಾಗೆ. ಕಾಗದ ನನ್ನ ವಕೀಲೆ ತಂದುಕೊಟ್ಟದ್ದು.

ಗುರುವಾರ ಬೆಳಿಗ್ಗೆ. ಹಿಮ ನಿಂತಿತ್ತು. ಒಂದು ಕಾರು ನಮ್ಮ ಮನೆಯ ಮುಂದೆ ನಿಲ್ಲದೆ, ತಿರುವಿನಲ್ಲಿ ನಿಂತಿತು. ಮನೆಗೆ ಬರುವವರು ತಿರುವಿನಲ್ಲಿ ಯಾಕೆ ನಿಲ್ಲಿಸಬೇಕು? ಒಬ್ಬ ನಡೆದು ಬಂದ. ಬೇಟೆಯ ಕೋಟು, ತಲೆಗೆ ಮುಸುಕು, ಕಂಕುಳಲ್ಲಿ ಉದ್ದನೆಯದೇನೋ. ಮೆಟ್ಟಿಲು ಹತ್ತಿದ. ಮರದ ಹಲಗೆಯ ಮೇಲೆ ಬೂಟಿನ ಸದ್ದು. ಬಾಗಿಲ ಗಾಜಿನಲ್ಲಿ ನೆರಳು ಬಿತ್ತು, ಕೈ ಮೇಲೆ ಹೋಯಿತು. ನಾನು ಹಜಾರದ ತುದಿಯಿಂದ ಶಾಟ್‌ಗನ್ ಹೊಡೆದೆ. ಬಾಗಿಲಿನ ಕೆಳಭಾಗ ಹಾರಿಹೋಯಿತು. ಮತ್ತೆ ಹೊಡೆದೆ.

ನೆರಳು ಇಲ್ಲವಾಯಿತು. ಬಾಗಿಲ ತೂತಿನಿಂದ ತಣ್ಣನೆ ಗಾಳಿ ಒಳಗೆ ಬಂತು, ಅದರ ಜೊತೆ ಕಾಫಿಯ ವಾಸನೆ.

ಅದು ಕಾಫಿಯ ಫ್ಲಾಸ್ಕು. ಕಂಕುಳಲ್ಲಿದ್ದದ್ದು.

ಹರ್ಬ್ ಮೆಟ್ಟಿಲ ಕೆಳಗೆ ಹಿಮದಲ್ಲಿ ಅಂಗಾತ ಬಿದ್ದಿದ್ದ. ಬಲತೊಡೆ ಹರಿದು ಮೂಳೆ ಬೆಳ್ಳಗೆ ಕಾಣುತ್ತಿತ್ತು, ರಕ್ತ ಮಿಡಿಮಿಡಿದು ಚಿಮ್ಮುತ್ತಿತ್ತು, ಬಿದ್ದ ಕಡೆಯಲ್ಲೆಲ್ಲ ಹಿಮ ಕರಗಿ ಹೊಂಡವಾಗುತ್ತಿತ್ತು. ಶಾಟ್‌ಗನ್ ಎಸೆದು ಅವನ ಮೇಲೆ ಬಿದ್ದೆ. ನನ್ನ ಬೆಲ್ಟು ಬಿಚ್ಚಿ ತೊಡೆಯ ಸಂದಿಗೆ ಕಟ್ಟಿದೆ, ಮೊಣಕಾಲಿನಿಂದ ಒತ್ತಿದೆ, ಮುಷ್ಟಿಯನ್ನು ಗಾಯದ ಒಳಕ್ಕೇ ತೂರಿಸಿ ಹಿಡಿದೆ. ಅವನು ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ.

ಆಮೇಲೆ ಸ್ವಲ್ಪ ಉಸಿರು ಬಂತು ಅವನಿಗೆ. “ಹೇಳ್ದೆನಲ್ಲೇ,” ಅಂದ. “ನಾನು ಹರ್ಬ್ ಅಂತ ಹೇಳ್ದೆನಲ್ಲೇ.”

“ಮಾತಾಡಬೇಡ.”

“ರಸ್ ಕೇಳ್ಕೊಂಡ. ಕಾನೂನಿಲ್ಲ, ಹೋಗಿ ಹಾಗೇ ಕೇಳೋಣ ಅಂತ… ಇಬ್ರೂ ಕಾಫಿ ಕುಡಿದು… ನಮ್ಮ ಮನೇಲಿ ಇಟ್ಕೊತಿದ್ದೆ ನಿನ್ನ ಬಂದೂಕುಗಳನ್ನ, ಅಷ್ಟೇ.”

ತಿರುವಿನಲ್ಲಿ ಕಾಯುತ್ತಿದ್ದ ಇಬ್ಬರು ಪೊಲೀಸರು ಓಡಿ ಬಂದರು. ಮುಂದೆ ಇದ್ದವಳು ಡಾನಾ ಪ್ರೀಬೆ. ಅವಳಿಗೆ ಕೆಲಸ ಕಲಿಸಿದವಳು ನಾನು. ಪಿಸ್ತೂಲನ್ನು ನನ್ನ ಮುಖಕ್ಕೆ ಗುರಿಯಿಟ್ಟಿದ್ದಳು.

“ಕೈ ತೋರ್ಸು ಕೊರಿನ್. ಕೈ ಮೇಲೆತ್ತು.”

“ತೆಗೆದ್ರೆ ಸಾಯ್ತಾನೆ.”

“ಕೈ ತೋರ್ಸು ಅಂದೆ. ನಾನು ಹೊಡೀಬೇಕಾಗುತ್ತೆ, ದಯವಿಟ್ಟು.” ಅವಳು ಅಳುತ್ತಿದ್ದಳು. ಬೆರಳು ಟ್ರಿಗರ್ ಮೇಲಿತ್ತು. ಅಳುವಾಗ ಬೆರಳು ಅಲ್ಲಿರಬಾರದು ಎಂದು ಅವಳಿಗೆ ಹೇಳಿಕೊಟ್ಟಿದ್ದೆ.

“ನೀನು ಇಲ್ಲಿಗೆ ಬಾ. ನಿನ್ನ ಮುಷ್ಟಿ ಇಲ್ಲಿಡು. ಆಮೇಲೆ ನನ್ನ ಕೈ ತೋರಿಸ್ತೀನಿ.”

ಅವಳು ಬರಲಿಲ್ಲ, ಹೊಡೆಯಲೂ ಇಲ್ಲ. ಹರ್ಬ್ ಕಣ್ಣು ಮುಚ್ಚಿಕೊಂಡೇ, “ಡಾನಾ, ಅವಳು ಹೇಳಿದ ಹಾಗೆ ಮಾಡಮ್ಮ,” ಅಂದ. ಆಗ ಬಂದಳು. ಅವಳ ಕೈ ಒಳಗೆ ಹೋಗುವುದಕ್ಕೂ ನನ್ನ ಕೈ ಹೊರಗೆ ಬರುವುದಕ್ಕೂ ಸರಿಯಾಯಿತು. ಇನ್ನೊಬ್ಬ ನನ್ನನ್ನು ಹಿಮಕ್ಕೆ ಒತ್ತಿ ಬೆನ್ನ ಮೇಲೆ ಮಂಡಿಯೂರಿ ಬೇಡಿ ಹಾಕಿದ. ಬಾಯಿಗೆ ಹಿಮ ಹೋಯಿತು, ರಕ್ತದ ರುಚಿಯದು.

ಎದುರು ಮನೆಯ ಮುದುಕಿ ಪೊಲೀಸರಿಗೆ ಹೇಳಿದ್ದಾಳಂತೆ, ಹರ್ಬ್ ತಿರುವಿನಿಂದಲೇ “ಕೊರಿನ್, ನಾನು ಹರ್ಬ್” ಎಂದು ಕೂಗುತ್ತಾ ಬಂದ ಎಂದು. ಕಿಟಕಿ ಮುಚ್ಚಿದ್ದ ಅವಳ ಮನೆಗೆ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ಗಾಳಿ ಇದ್ದಿರಬೇಕು.

ಡಿಸೆಂಬರ್ 19, ಶುಕ್ರವಾರ

ಹರ್ಬ್ ಬದುಕುತ್ತಾನೆ. ಕಾಲು ಉಳಿಯಲಿಲ್ಲ, ತೊಡೆಯ ಮಧ್ಯಕ್ಕೆ ತೆಗೆದರು.

ಮಸೂದೆಯನ್ನು ಮತಕ್ಕೆ ಹಾಕದೆ ಸಮಿತಿ ಬದಿಗಿಟ್ಟಿತು ಎಂದು ವಕೀಲೆ ಹೇಳಿದಳು. ಎರಡೂ ಕಡೆಯವರು ನನ್ನ ಹೆಸರನ್ನೇ ಹೇಳಿದರಂತೆ.

ನಾನು ಹೇಳಿದ್ದು ಸುಳ್ಳಲ್ಲ. ಕೋಡಿ ಹೊರಗೆ ಬಂದಾಗ ನನ್ನ ಕೈಯಲ್ಲಿ ಪಿಸ್ತೂಲು ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ. ಆದರೆ ಇದನ್ನು ಮುಂದುವರಿಸಿ ಬರೆಯಲು ಹೋದರೆ ಹರ್ಬ್‌ನ ತೊಡೆ ಬರುತ್ತದೆ, ವಾಷಿಂಗ್ ಮೆಷಿನ್ ಬರುತ್ತದೆ. ನಿಲ್ಲಿಸಿದ್ದೇನೆ.

ಡಿಸೆಂಬರ್ 23, ಮಂಗಳವಾರ

ಜಾಮೀನು ಸಿಕ್ಕಿದೆ. ಹರ್ಬ್ ಆಸ್ಪತ್ರೆಯಿಂದಲೇ, ತನ್ನ ಆಕ್ಷೇಪವಿಲ್ಲ, ಅವಳಿಗೆ ಚಿಕಿತ್ಸೆ ಕೊಡಿಸಿ ಎಂದು ಹೇಳಿದನಂತೆ. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ, ವಾರಕ್ಕೆರಡು ಸಲ ವೈದ್ಯರು. ನ್ಯಾಯಾಧೀಶರ ಮುಖ್ಯ ಷರತ್ತು ಒಂದೇ: ನಾನು ಇರುವ ಮನೆಯಲ್ಲಿ ಬಂದೂಕು ಇರಕೂಡದು. ಒಂದೂ.

“ಅಂಥ ಮನೆ ಯಾವುದಿದೆ ಹೇಳಿ,” ಅಂದಳು ವಕೀಲೆ.

ಯೋಚಿಸಿದೆವು. ರಸ್ ಮತ್ತು ಬ್ರಿನ್ ಮಾವನ ಮನೆಯಲ್ಲಿದ್ದಾರೆ. ಅಲ್ಲಿಗೆ ನಾನು ಹೋಗುವ ಹಾಗಿಲ್ಲ, ಹೋದರೂ ಗೋಡೆ ತುಂಬ ರೈಫಲ್. ನನ್ನ ಅಣ್ಣ ಎರಿಕ್‌ಗೆ ವಕೀಲೆ ಫೋನ್ ಮಾಡಿದಳು.

“ತಂಗಿಗೋಸ್ಕರ ಏನ್ ಬೇಕಾದ್ರೂ ಮಾಡ್ತೀನಿ,” ಅಂದನಂತೆ. “ಬಂದೂಕು ಎಲ್ಲಿ ಇಡ್ಲಿ ಮತ್ತೆ? ಬೇಟೆ ಇನ್ನೂ ಮುಗಿದಿಲ್ವಲ್ಲ.”

ಚಿಕ್ಕಮ್ಮ ಒಪ್ಪಿದಳು. ಆದರೆ ಅವಳ ಹಾಸಿಗೆಯ ಪಕ್ಕದಲ್ಲಿ ಒಂದು, ಕಾರಿನಲ್ಲಿ ಒಂದು, ಕೈಚೀಲದಲ್ಲಿ ಒಂದು. ಒಬ್ಬಳೇ ಇರುವವಳು, ಕೊಟ್ಟುಬಿಡು ಎಂದು ನಾನು ಹೇಗೆ ಹೇಳಲಿ? ಕೊನೆಗೆ ನಮ್ಮ ಪಾದ್ರಿಯನ್ನು ಕೇಳಿದರೆ, ಅವರು ಪ್ರಾರ್ಥನಾ ಮಂದಿರದ ಮೇಜಿನ ಖಾನೆಯಲ್ಲಿ ಒಂದು ಪಿಸ್ತೂಲು ಇಟ್ಟಿರುವುದಾಗಿ ಒಪ್ಪಿಕೊಂಡರು. ವಕೀಲೆಗೆ ನಗು ಬಂತು. ನನಗೂ ಬಂತು. ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ಜೈಲಿನವಳು ಬಂದು, ನಿನ್ನನ್ನು ಕರೆದೊಯ್ಯಲು ಒಬ್ಬರು ಬಂದಿದ್ದಾರೆ ಅಂದಳು. ಹೋಗಿ ನೋಡಿದರೆ ಟ್ರೂಡಿ, ಕೈಯಲ್ಲಿ ನನ್ನ ಕೋಟು.

“ನೀಲ್‌ನ ಬಂದೂಕೆಲ್ಲಾ ಅವನನ್ನ ಮಣ್ಣು ಮಾಡಿದ ಮಾರನೇ ದಿನಾನೇ ಠಾಣೆಗೆ ಕೊಟ್ಬಿಟ್ಟೆ,” ಅಂದಳು. “ಊರಲ್ಲಿ ಬಂದೂಕಿಲ್ಲದ ಮನೆ ನಂದೊಂದೇ ಅಂತ ಕಾಣುತ್ತೆ. ನಡಿ.”

“ನಾನು ನಿನ್ನ ವಿರುದ್ಧ ಮಾತಾಡಿದವಳು.”

“ಕೇಳಿಸ್ಕೊಂಡೆ, ಅಲ್ಲೇ ಕೂತಿದ್ದೆ. ಚೆನ್ನಾಗೇ ಮಾತಾಡಿದೆ. ಈಗ ಕೋಟು ಹಾಕ್ಕೋ, ನನ್ನ ಕಾರಲ್ಲಿ ಹೀಟರ್ ಕೆಟ್ಟಿದೆ.”

ಡಿಸೆಂಬರ್ 28, ಭಾನುವಾರ

ಬ್ರಿನ್ ಫೋನಿನಲ್ಲಿ ಮಾತಾಡಿದಳು. ರಸ್ ಪಕ್ಕದಲ್ಲಿದ್ದ, ಅದು ಷರತ್ತು. ಹಲ್ಲು ಸರಿ ಮಾಡಿಸಿದ್ದಾರೆ, ಗುರುತೇ ಕಾಣುವುದಿಲ್ಲ ಅಂದಳು. “ಬೂಟು ಸರಿಯಾಗುತ್ತಾ?” ಎಂದು ಕೇಳಿದೆ. “ಅಪ್ಪ ಬೇರೆ ಕೊಡಿಸಿದ್ರು,” ಅಂದಳು. ಆಮೇಲೆ, “ನಾನು ಅಮ್ಮ ಅಂತ ಎಷ್ಟು ಸಲ ಕರೆದೆ ಗೊತ್ತಾ ನಿಂಗೆ?” ಅಂದಳು.

ಕೇಳಿಸಲಿಲ್ಲ ಎನ್ನಲು ಬಾಯಿ ಬರಲಿಲ್ಲ. “ತುಂಬ ಸಲ,” ಅಂದೆ.

“ಹೂಂ,” ಅಂದಳು. ಫೋನ್ ರಸ್‌ಗೆ ಕೊಟ್ಟಳು.

ಜನವರಿ 8, ಗುರುವಾರ

ಮತ್ತೆ ತಡವಾಗಿ ಎದ್ದೆ. ವೈದ್ಯರ ಮಾತ್ರೆಯ ದೆಸೆಯಿಂದ. ಟ್ರೂಡಿ ತಿಂಡಿ ಮುಚ್ಚಿಟ್ಟಿದ್ದಳು. ವಿಚಾರಣೆ ಏಪ್ರಿಲ್‌ನಲ್ಲಿ. ಸೆರೆ ಖಂಡಿತ, ಎಷ್ಟು ವರ್ಷ ಎನ್ನುವುದಷ್ಟೇ ಗೊತ್ತಿಲ್ಲ ಎಂದು ವಕೀಲೆ ಹೇಳಿದ್ದಾಳೆ.

ನಿನ್ನೆ ಹರ್ಬ್‌ನ ಹೆಂಡತಿ ಟ್ರೂಡಿಯ ಅಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಬಂದಿದ್ದಳಂತೆ. ನನಗೊಂದು ಮಾತು ಹೇಳಿ ಕಳಿಸಿದ್ದಾಳೆ. ಟ್ರೂಡಿ ಒಂದಕ್ಷರ ಬಿಡದೆ ಒಪ್ಪಿಸಿದಳು: “ಅವಳಿಗೆ ಹೇಳು, ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ ಅಂತ. ಬೆಲ್ಟು ಕಟ್ಟಿದ್ದು ಸರಿಯಾಗಿತ್ತು ಅಂತ ಡಾಕ್ಟರು ಹೇಳಿದ್ರು, ಅದನ್ನೂ ಹೇಳು.”

ಮಧ್ಯಾಹ್ನ ಟ್ರೂಡಿ ನನ್ನನ್ನು ಅಡುಗೆಮನೆಯ ಮಧ್ಯೆ ಕುರ್ಚಿ ಹಾಕಿ ಕೂರಿಸಿದಳು. ನನ್ನ ಕೂದಲು ನೋಡಿದರೆ ಅವಳ ಅಂಗಡಿಯ ಮರ್ಯಾದೆ ಹೋಗುತ್ತದಂತೆ. ಕುತ್ತಿಗೆಗೆ ಬಟ್ಟೆ ಸುತ್ತಿ ಹಿಂದೆ ನಿಂತು ಕತ್ತರಿಸತೊಡಗಿದಳು. ನೀಲ್ ಕಾರಿನಲ್ಲಿ ಹಾಡುತ್ತಿದ್ದದ್ದನ್ನು ಹೇಳಿದೆ. ಮನೆಯಲ್ಲೂ ಹಾಡುತ್ತಿದ್ದನಂತೆ, ಸ್ನಾನ ಮಾಡುವಾಗ, ಅದಕ್ಕೇ ಅವಳು ರೇಡಿಯೋ ಹಾಕುತ್ತಿದ್ದಳಂತೆ. ಕತ್ತರಿಯ ಸದ್ದಿಗೆ ನನಗೆ ತೂಕಡಿಕೆ ಬರುತ್ತಿತ್ತು.

ಬಾಗಿಲ ಗಂಟೆ ಸದ್ದಾಯಿತು. ಟ್ರೂಡಿಯ ಕೈ ನಿಂತಿತು. ನಾನು ಎದ್ದು ಹೋಗಿ ತೆಗೆದೆ.

ಪಕ್ಕದ ಮನೆಯ ಯಜಮಾನ. ಹಿಮ ತೆಗೆಯುವ ಸಲಿಕೆಯ ಹಿಡಿ ಮುರಿದಿದೆ, ನಿಮ್ಮದು ಕೊಡ್ತೀರಾ ಎಂದ. ಮುಸುಕು ಹಾಕಿದ್ದ ಕೋಟು, ಮೀಸೆಯ ಮೇಲೆಲ್ಲ ಹಿಮ. ಸಲಿಕೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ, ಒಳಗೆ ಬನ್ನಿ, ಚಳಿ ಅಂದೆ. ಅವನು ಬೂಟು ಕೊಡವಿ ಒಳಗೆ ಬಂದು ನನ್ನ ಅರ್ಧ ಕತ್ತರಿಸಿದ ತಲೆ ನೋಡಿ ನಕ್ಕ.

ಸಲಿಕೆ ಕೇಳಲು ಅಡುಗೆಮನೆಗೆ ಬಂದರೆ, ಟ್ರೂಡಿ ಕತ್ತರಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

“ಯಾಕೆ ಹಾಗ್ ನೋಡ್ತೀಯ?” ಅಂದೆ.

“ಯಾರು ಅಂತ ಕೇಳ್ದೇನೇ ಬಾಗಿಲು ತೆಗ್ದೆ,” ಅಂದಳು. “ಗ್ಯಾರೇಜಲ್ಲಿದೆ ಸಲಿಕೆ. ಕೊಟ್ಟು ಬಾ, ಇನ್ನೊಂದು ಪಕ್ಕ ಬಾಕಿ ಇದೆ.”